ಗುಂಡಿ ಸಾಲು

ಅಂದು ಬೆಳಿಗ್ಗೆ ಚಾಚಿದ ಕೈಯ ಬೆರಳು ಕಾಣದಷ್ಟು ಮಂಜು ಕವಿದಿತ್ತು. ತರಬೇತಿ ಕೋಣೆಯ ಪ್ಲಾಸ್ಟರ್ ಗೊಂಬೆಯೆದುರು ನಿಂತ ದರ್ಜಿಯಮ್ಮನ ತಲೆಯೊಳಗೂ ಅದೇ ಮಂಜು. ಹೊಲಿಗೆ ಅಂಗಡಿ ಮುಚ್ಚಿದ ಮೇಲೆ ನಲವತ್ತರ ವಯಸ್ಸಿನಲ್ಲಿ ನರ್ಸಿಂಗ್ ಸೇರಿದವಳು ಅವಳು. ಎಡ-ಬಲ ತಪ್ಪಿ ಪರೀಕ್ಷೆಯಲ್ಲಿ ಎರಡು ಸಲ ಸೋತಾಗ ಪಾಠ ಹೇಳುವ ಮೇಡಂ ಅವಳ ಬ್ಯಾಡ್ಜ್ ತೆಗೆದಿಟ್ಟುಕೊಂಡಿದ್ದರು. ಇವತ್ತೂ ತಪ್ಪಿದರೆ ಮನೆಗೆ. ಮನೆಯಲ್ಲಿ ಒಲೆ ಉರಿಯಲು ಬೇರೆ ದಾರಿಯಿರಲಿಲ್ಲ.

“ಬಲ ಎದೆಯ ಲ್ಯಾಟರಲ್ ಕಡೆ ಯಾವುದು, ತೋರ್ಸಿ ಅಮ್ಮ. ನೀವು ಹೀಗೆ ತಡವರಿಸಿದ್ರೆ ರೋಗಿ ದೇವರ ಪಾದ ಸೇರ್ತಾನೆ,” ಎಂದರು ಮೇಡಂ.

ಅವಳ ಕೈ ಮತ್ತೆ ತನ್ನ ಬಲಕ್ಕೇ ಹೊರಟು, ನಡುವೆ ನಿಂತಿತು. ‘ಭಗವಂತಾ, ಕೈಬಿಡಬೇಡ’ ಎಂದು ಕಣ್ಣು ಮುಚ್ಚಿದಳು. ಇಪ್ಪತ್ತು ವರ್ಷ ಬಟ್ಟೆ ಕತ್ತರಿಸಿದ ಆ ಕೈ ಜೇಬಿನಿಂದ ಸೀಮೆಸುಣ್ಣ ತೆಗೆದು, ಗೊಂಬೆಯ ಕತ್ತಿನ ಕುಳಿಯಿಂದ ಹೊಕ್ಕುಳವರೆಗೆ ನೇರ ಗೆರೆ ಎಳೆಯಿತು.

“ಏನ್ರೀ, ಗೊಂಬೆಗೆ ಅಂಗಿ ಹೊಲೀತಿದ್ದೀರಾ?”

“ಹೂಂ ಮೇಡಂ. ಇದು ಗುಂಡಿ ಸಾಲು. ಇದರ ಹತ್ತಿರ ಬಂದ್ರೆ ಮೀಡಿಯಲ್, ಪಕ್ಕದ ಹೊಲಿಗೆ ಕಡೆ ಸರಿದ್ರೆ ಲ್ಯಾಟರಲ್. ಜೇಬು ತೊಟ್ಟವರ ಎಡಕ್ಕೆ, ನೋಡೋರ ಎಡಕ್ಕಲ್ಲ. ಹಾಗಾದ್ರೆ ಬಲಗಡೆ… ಇಲ್ಲಿ.”

ಬೆರಳು ಸರಿಯಾದ ಪಕ್ಕೆಯ ಮೇಲೆ ನಿಂತಿತ್ತು.

ಮೇಡಂ ಡ್ರಾಯರ್ ಎಳೆದು, ಬ್ಯಾಡ್ಜಿನ ಧೂಳು ಒರೆಸಿ, ಅವಳ ಅಂಗೈಯಲ್ಲಿಟ್ಟರು.