ಮತ್ತೆ ಹುಟ್ಟೋ ಕಸ

“ಏನೂ ಒಳಗೆ ಹೋಗ್ತಿಲ್ಲ ಕಣೋ ಕೆಂಡ. ‘ಸೇರಿಸಲು ಏನೂ ಇಲ್ಲ’ ಅಂತ ಕಂಪ್ಯೂಟರು ಹೇಳಿದ್ದನ್ನೇ ಹೇಳ್ತಿದೆ,” ಎಂದಳು ಅತ್ತಿಗೆ.

“ಹೋಗಬಾರದು ಅಂತಲೇ ಬೀಗ ಜಡಿದಿರೋದು!” ಮೈದುನ ಕುರ್ಚಿ ತಳ್ಳಿ ಎದ್ದ. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಮನೆಯವರು ಕೆಂಡ ಅಂತ ಸುಮ್ಮನೆ ಕರೆಯುತ್ತಿರಲಿಲ್ಲ.

ಮನೆ ಕಟ್ಟುವವರಿಗೆ ಲೆಕ್ಕ ಹಾಕಿಕೊಡುವ ಪ್ರೋಗ್ರಾಂ ಒಂದನ್ನು ಇಬ್ಬರೂ ಸೇರಿ ಮಹಡಿ ಕೋಣೆಯಲ್ಲಿ ಬರೆಯುತ್ತಿದ್ದರು. ಬರೆದದ್ದೆಲ್ಲ ಹೋಗಿ ಸೇರುವ ಜಾಗಕ್ಕೆ ಕಣಜ ಎಂದು ಹೆಸರಿಟ್ಟಿದ್ದರು. ಪ್ರೋಗ್ರಾಂ ಓಡಿಸಿದಾಗಲೆಲ್ಲ ಯಂತ್ರ ‘ಬಿಲ್ಡ್’ ಎಂಬ ಫೋಲ್ಡರಿನಲ್ಲಿ ರಾಶಿ ರಾಶಿ ಫೈಲು ಹೆತ್ತು ಹಾಕುತ್ತದೆ. ಅತ್ತಿಗೆ ಅದನ್ನೂ ಬಾಚಿ ಕಣಜಕ್ಕೆ ಸುರಿಯುತ್ತಿದ್ದಳು. ಅದು ಅವನ ಫೈಲುಗಳಿಗೆ ಡಿಕ್ಕಿ ಹೊಡೆಯುವುದು, ಬಿಡಿಸುತ್ತ ಕೂತು ಅವನ ಅರ್ಧ ದಿನ ಮಣ್ಣುಪಾಲು. ಕಾಳು ಹಾಕಿ, ಹೊಟ್ಟು ಹಾಕಬೇಡಿ ಎಂದು ಹೇಳಿ ಹೇಳಿ ನಾಲಿಗೆ ಸವೆದು, ಕೊನೆಗೆ ಕಣಜದ ಬಾಗಿಲಿಗೇ ಒಂದು ನಿಯಮ ಬರೆದಿಟ್ಟಿದ್ದ: ಬಿಲ್ಡ್ ಎಂಬ ಹೆಸರಿನದು ಎಲ್ಲೇ ಇರಲಿ, ಕಡೆಗಣಿಸು.

“ಇದು ಆ ಕಸ ಅಲ್ವೋ, ಇದು ನಾನು—”

“ಬಿಡಿ ಅತ್ತಿಗೆ, ದಿನಾ ಇದೇ ರಾಗ!”

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಗುತ್ತಿಗೆದಾರ ಬೀದಿ ತುದಿಗೆ ಬಂದಾಗಿತ್ತು. ಮೆಟ್ಟಿಲಿನ ಲೆಕ್ಕ ಕಣ್ಣಾರೆ ಕಂಡರಷ್ಟೇ ಒಪ್ಪಿಗೆ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದಿದ್ದ ಆಸಾಮಿ. ಅವನು ಕೈಬಿಟ್ಟರೆ ಈ ಕೋಣೆಗೆ ಬೀಗವೇ.

“ಕರ್ಕೊಂಡು ಬರ್ತೀನಿ. ಏನೂ ಮುಟ್ಟಬೇಡ,” ಎಂದು ಅವಳು ಇಳಿದು ಹೋದಳು.

ಮುಟ್ಟಬೇಡ ಎಂದರೆ ಕೈ ತುರಿಸುವ ಜಾತಿ. ಅವಳ ಕುರ್ಚಿಯಲ್ಲಿ ಕೂತು ನೋಡಿದ. ಹೊರಗೊಂದು ಬಿಲ್ಡ್, ಒಳಗಿನ ಫೋಲ್ಡರಿನಲ್ಲಿ ಮತ್ತೊಂದು ಬಿಲ್ಡ್! ಕಸದ ಮೇಲೆ ಕಸ! ಹಲ್ಲು ಕಡಿಯುತ್ತ ಒಂದೇ ಆಜ್ಞೆ ಬರೆದು ಎರಡನ್ನೂ ಬೇರುಸಮೇತ ಕಿತ್ತ. ಕಂಪ್ಯೂಟರಿನ ಕಸದ ಬುಟ್ಟಿಗೂ ಬೀಳದ ಹಾಗೆ ಅಳಿಸುವ ಆಜ್ಞೆ ಅದು. ಕಿಟಕಿಯಿಂದ ತಲೆ ಹಾಕಿ ಕೂಗಿದ: “ಅಳಿಸಿಬಿಟ್ಟೆ ಅತ್ತಿಗೆ! ಹೆದರಬೇಡಿ, ಒಂದ್ಸಲ ಒತ್ತಿದ್ರೆ ಮತ್ತೆ ಹುಟ್ಟುತ್ತೆ!”

ಒತ್ತಿದ. ಪರದೆಯ ಮೇಲೆ ಕೆಂಪು ಸಾಲು: ‘ಮೆಟ್ಟಿಲು ಸಿಗಲಿಲ್ಲ.’

ಕಣಜದಲ್ಲಿ ಹುಡುಕಿದ. ಅಲ್ಲಿಯೂ ಇಲ್ಲ. ಬಿಲ್ಡ್ ಎಂಬ ಹೆಸರಿಗೆ ತಾನೇ ಜಡಿದ ಬೀಗ ನೆನಪಾಯಿತು.

ಅತ್ತಿಗೆ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಿದ್ದಳು. “ಎರಡನ್ನೂ ಅಳಿಸಿದ್ಯಾ?”

ಅವನು ಮತ್ತೊಮ್ಮೆ ಕಣಜ ತೆರೆದು ಹುಡುಕತೊಡಗಿದ.

“ಗೋಡೆ, ತಾರಸಿ, ಮೆಟ್ಟಿಲು. ಊರಿನ ಮೇಸ್ತ್ರಿಗಳನ್ನೆಲ್ಲ ಕಾಡಿ ಬೇಡಿ ಬರೆದದ್ದು. ಮನೆ ಕಟ್ಟೋ ಲೆಕ್ಕ ತಾನೇ ಅಂತ ಒಳಗಿನ ಆ ಫೋಲ್ಡರಿಗೂ ಬಿಲ್ಡ್ ಅಂತಲೇ ಹೆಸರಿಟ್ಟೆ.”

ಕೆಳಗಿನಿಂದ ಗುತ್ತಿಗೆದಾರನ ಬೂಟು ಒಂದೊಂದೇ ಮೆಟ್ಟಿಲು ಹತ್ತಿ ಬರುತ್ತಿತ್ತು. ಅತ್ತಿಗೆ ಕೀಬೋರ್ಡನ್ನು ಮೆಲ್ಲಗೆ ಅವನ ಮುಂದಕ್ಕೆ ಸರಿಸಿದಳು.

“ಒತ್ತೋ. ಮತ್ತೆ ಹುಟ್ಟುತ್ತಲ್ಲ, ಒತ್ತು.”