ಅರ್ಜಿಯಲ್ಲಿದ್ದ ಹೆಸರು

ದೇಹವೇ ತನ್ನ ಕಿವಿಯನ್ನು ವೈರಿಯೆಂದು ತಿಳಿದು ತಿನ್ನುವ ಕಾಯಿಲೆಗೆ ಕೊನೆಗೂ ಔಷಧ ಬಂದಿತ್ತು. ಆದರೆ ಅದು ಕಿವಿಗೆ ಉಳಿಸುತ್ತಿದ್ದುದು ಒಂದೇ ಒಂದು ದನಿಯನ್ನು; ಮಿಕ್ಕೆಲ್ಲ ಸದ್ದು ಅಳಿಸಿಹೋಗುತ್ತಿತ್ತು. ಯಾರ ದನಿಯೆಂದು ರೋಗಿಯೇ ಅರ್ಜಿಯಲ್ಲಿ ಬರೆಯಬೇಕಿತ್ತು.

ಬಸಲಿಂಗಪ್ಪನ ಸರದಿ ಬಂದ ದಿನ ಹೆಂಡತಿ ಕಸ್ತೂರಿ ದನಿ ಮುದ್ರಿಸಿ ಕೊಡಲು ಸಿದ್ಧಳಾಗಿಯೇ ಆಸ್ಪತ್ರೆಗೆ ಬಂದಳು. ಗಂಟಲು ತಿಳಿಯಾಗಲೆಂದು ಮೂರು ದಿನದಿಂದ ಜ್ಯೇಷ್ಠಮಧು ಅಗಿದಿದ್ದಳು.

"ನಿಮ್ದು ಬ್ಯಾಡ್ರಿ ಅಕ್ಕಾರ," ಎಂದಳು ನರ್ಸ್. "ದನಿ ಆಗಲೇ ತಗೊಂಡೇವಿ."

"ಯಾರದು?"

ನರ್ಸ್ ಅರ್ಜಿಯನ್ನು ಅವಳತ್ತ ತಿರುಗಿಸಿದಳು. ಗಂಡನ ಕೈಬರಹದಲ್ಲಿ ಗಂಡನದೇ ಹೆಸರಿತ್ತು.

ಚುಚ್ಚುಮದ್ದಿಗೆ ಅಂಗಿಯ ತೋಳು ಮಡಿಸುತ್ತಿದ್ದ ಬಸಲಿಂಗಪ್ಪ ತಲೆ ಎತ್ತಲಿಲ್ಲ. "ನನ್ನ ಮಾತು ನನಗ ಕೇಳದಿದ್ರ ಹುಚ್ಚ ಹಿಡೀತೈತಿ. ನೀ ಹೆಂಗೂ ಬರದು ತೋರಸ್ತಿ."

"ಎಂಟು ವರ್ಷ ನಿಮ್ಮ ಕಿವ್ಯಾಗ ಒದರಿ ಒದರಿ ನನ್ನ ಗಂಟ್ಲ ಹರದೈತ್ರೀ."

"ಹಂಗಾರ ಇನ್ನ ಆರಾಮ ಮಾಡು," ಎಂದು ಅವನು ನಕ್ಕ.

ನರ್ಸ್ ಸೂಜಿ ಚುಚ್ಚಿ, ಹತ್ತಿ ಒತ್ತಿದಳು. "ಏನರ ಹೇಳೂದಿದ್ರ ಈಗ ಹೇಳಿಬಿಡ್ರಿ ಅಕ್ಕಾರ. ನಿಮ್ಮ ದನಿ ಇನ್ನೊಂದು ತಾಸು ಅವರಿಗೆ ಕೇಳಿಸ್ತೈತಿ."

ಕಸ್ತೂರಿ ಅವನ ಪಕ್ಕದ ಕುರ್ಚಿಯಲ್ಲಿ ಕುಳಿತಳು. ಆ ಒಂದು ತಾಸು ಅವಳು ಒಂದು ಮಾತನ್ನೂ ಆಡಲಿಲ್ಲ. ಬಸಲಿಂಗಪ್ಪನೇ ಮಾತಾಡುತ್ತಿದ್ದ.