ಮದುಮಗಳ ಊಟ

"ಬಸ್ಸಿಳಿದ್ಲು ಕಣೇ ನಿನ್ನ ಮಗಳು! ಕರ್ಕೊಂಡು ಬರ್ತಾ ಇದೀನಿ" ಎಂದು ಅಫ್ಸರ್ ಬೇಗಂ ಫೋನಿನಲ್ಲಿ ಕೂಗಿದಾಗ ನೀಲಾಂಬಿಕಳ ಕೈಯಲ್ಲಿದ್ದ ಹೋಳಿಗೆ ಕಾವಲಿಯ ಮೇಲೆ ಸೊಟ್ಟಗೆ ಬಿತ್ತು. ಬೀಳಲಿ ಎಂದುಕೊಂಡಳು. ಮಗಳ ಎಲೆಗೆ ಬಡಿಸಲು ದುಂಡಗಿನವು ಬೇಕಾದಷ್ಟಿದ್ದವು.

ಮದುವೆ ಗೊತ್ತಾದ ಹುಡುಗಿಯನ್ನು ನೆಂಟರಿಷ್ಟರು ಒಬ್ಬೊಬ್ಬರಾಗಿ ಮನೆಗೆ ಕರೆದು ಸಿಹಿಯೂಟ ಹಾಕುವುದು ಈ ಕಡೆಯ ಪದ್ಧತಿ. ಆನವಟ್ಟಿಯ ಸುತ್ತಮುತ್ತ ರಕ್ಷಿತಾಳನ್ನು ಕರೆಯದ ನೆಂಟರಿರಲಿಲ್ಲ. ಹೆತ್ತವಳೊಬ್ಬಳು ಬಾಕಿ. ಗಂಡನ ಊಟಕ್ಕೆ ವಿಷ ಹಾಕಿದಳೆಂದು ಜೈಲಿಗೆ ಹೋದವಳು ಯಾವ ಮುಖ ಹೊತ್ತು ಕರೆಯಬೇಕು? ಊಟದಲ್ಲಿ ವಿಷ ಇರಲೇ ಇಲ್ಲ, ಗದ್ದೆಗೆ ಔಷಧಿ ಹೊಡೆದು ಬಂದವನ ಮೈಗೇ ಅದು ಹತ್ತಿತ್ತು ಎಂದು ಹೈಕೋರ್ಟು ಹೇಳುವಷ್ಟರಲ್ಲಿ ಹನ್ನೊಂದು ವರ್ಷ ಕಳೆದಿತ್ತು. ಅಂದು ಸೆರಗು ಬಿಡದೆ ಅತ್ತಿದ್ದ ಕೂಸು ದೊಡ್ಡಪ್ಪನ ಮನೆಯಲ್ಲಿ ಬೆಳೆದು ದೊಡ್ಡದಾಗಿತ್ತು. ಅಲ್ಲಿ ಅವಳಿಗೆ ಏನೇನು ಹೇಳಿ ಬೆಳೆಸಿದ್ದರೋ ಆ ಶಿವನೇ ಬಲ್ಲ.

ಬಿಡುಗಡೆಯಾಗಿ ಬಂದವಳಿಗೆ ಶಿಕಾರಿಪುರದಲ್ಲಿ ಬಾಗಿಲು ತೆರೆದವಳು ಅಫ್ಸರ್ ಬೇಗಂ ಒಬ್ಬಳೇ. ತನ್ನ ಟೈಲರಿಂಗ್ ಅಂಗಡಿಯ ಹಿಂದಿನ ಕೋಣೆ ಕೊಟ್ಟಳು, ಸೀರೆಗೆ ಕುಚ್ಚು ಕಟ್ಟುವುದನ್ನು ಕಲಿಸಿದಳು, "ಅವಳು ಕಟ್ಟಿದ್ದು ನಮಗೆ ಬೇಡ" ಎಂದ ಗಿರಾಕಿಗಳನ್ನು ಸೀರೆ ಸಮೇತ ಮೆಟ್ಟಿಲಿಳಿಸಿದಳು. ಅವಳ ಬಾಯಿ ದೊಡ್ಡದೆಂದು ಊರಿಗೆಲ್ಲ ಗೊತ್ತು. ಹೋದ ವಾರ ಆ ಬಾಯಿಯನ್ನು ಹೊತ್ತುಕೊಂಡೇ ಆನವಟ್ಟಿ ಬಸ್ಸು ಹತ್ತಿ, ದೊಡ್ಡಪ್ಪ ಸದಾಶಿವಪ್ಪನ ಜಗಲಿಯ ಮೇಲೆ ಕೂತುಬಿಟ್ಟಿದ್ದಳು.

"ಹೈಕೋರ್ಟಿಗಿಂತ ನೀವು ದೊಡ್ಡೋರೇನ್ರೀ? ಒಂದು ಹೊತ್ತಿನ ಊಟ. ಬಸ್ ಸ್ಟ್ಯಾಂಡಿಂದ ನಾನೇ ಕರ್ಕೊಂಡು ಹೋಗಿ ನಾನೇ ವಾಪಸ್ ಬಸ್ ಹತ್ತಿಸ್ತೀನಿ" ಎಂದಿದ್ದಳು. ಸದಾಶಿವಪ್ಪ ಗೋಡೆ ನೋಡುತ್ತ ಕೂತಿದ್ದನಂತೆ. ಹುಡುಗಿಯೇ ಒಳಗಿನಿಂದ ಬಂದು "ಬರ್ತೀನಿ ಆಂಟಿ" ಎಂದಳಂತೆ. ಆ ಮಾತನ್ನು ನೀಲಾಂಬಿಕ ಅಫ್ಸರಳ ಬಾಯಲ್ಲಿ ಮತ್ತೆ ಮತ್ತೆ ಹೇಳಿಸಿ ಕೇಳಿದ್ದಳು.

ರಕ್ಷಿತಾ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ಕಾಲಿಗೆ ನಮಸ್ಕಾರ ಮಾಡಿದಳು. ಎತ್ತರ ಅಪ್ಪನದು, ಹಣೆ ಅಜ್ಜಿಯದು. ಮುಟ್ಟಬಹುದೋ ಬಾರದೋ ತಿಳಿಯದೆ ನೀಲಾಂಬಿಕಳ ಕೈ ಅರ್ಧದಲ್ಲೇ ನಿಂತಿತು. "ಬಿಸಿಲಲ್ಲಿ ಬಂದ್ಯಾ" ಎಂದಷ್ಟೇ ಬಾಯಿಗೆ ಬಂತು.

"ಬಸ್ ರಶ್ ಇತ್ತಮ್ಮ" ಎಂದಳು ಮಗಳು. ಅಮ್ಮ ಎಂದಳಲ್ಲ! ನೀಲಾಂಬಿಕಳಿಗೆ ಅಷ್ಟಕ್ಕೇ ಹೊಟ್ಟೆ ತುಂಬಿತು.

ಬಾಳೆಲೆ ಹಾಸಿದಳು. ಉಪ್ಪು, ಕೋಸಂಬರಿ, ಪಲ್ಯ, ಚಿತ್ರಾನ್ನ, ಪಾಯಸ, ಹೋಳಿಗೆ, ಮೇಲೆ ಧಾರಾಳ ತುಪ್ಪ. ಇಂಥ ಊಟದಲ್ಲಿ ಮದುಮಗಳು ತುತ್ತೆತ್ತುವ ತನಕ ಮನೆಯಲ್ಲಿ ಮತ್ತೊಬ್ಬರು ಬಾಯಾಡಿಸುವಂತಿಲ್ಲ. ಉಪ್ಪು ಸಾಕೋ ಬೇಕೋ ಎಂದು ನೀಲಾಂಬಿಕ ನಾಲಗೆಗೂ ಮುಟ್ಟಿಸಿ ನೋಡಿರಲಿಲ್ಲ. ಅಫ್ಸರ್ ಬೇಗಂ ಕೂಡ ಹಸಿದುಕೊಂಡೇ ಗೋಡೆಗೊರಗಿ ಕೂತಿದ್ದಳು.

ರಕ್ಷಿತಾ ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದಿದಳು. ತುತ್ತು ಎದೆಯ ತನಕ ಬಂದು ನಿಂತಿತು. ಮತ್ತೆ ಎಲೆಗೆ ಇಳಿಯಿತು.

"ಯಾಕೆ, ಬಿಸಿ ಐತಾ?"

"ಇಲ್ಲಮ್ಮ." ಹುಡುಗಿಯ ಮುಖ ಕೆಂಪಾಗಿತ್ತು. "ನೀನೂ ಕೂತ್ಕೋ. ಮೊದ್ಲು ನೀನೊಂದು ತುತ್ತು ತಿನ್ನು."

"ಅಯ್ಯೋ, ಇವತ್ತು ನೀನೇ ಮೊದ್ಲು ತಿನ್ಬೇಕು ಕೂಸೇ."

"ಇರ್ಲಿ. ನೀನು ತಿನ್ನು."

ಅಫ್ಸರ್ ಬೇಗಂಗೆ ತಡೆಯಲಾಗಲಿಲ್ಲ. "ನೋಡೇ ನೀಲಮ್ಮ! ಇಷ್ಟು ವರ್ಷ ಆದ್ರೂ ತಾಯಿ ತಿನ್ನದೆ ತಾನು ತಿನ್ನಲ್ಲ ಅಂತೈತೆ ಮಗು. ಪದ್ಧತಿ ಗಿದ್ಧತಿ ಬಿಡು, ತಿನ್ನು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ನೀಲಾಂಬಿಕಳೂ ಹಾಗೆಯೇ ಅಂದುಕೊಂಡಳು. ಎಷ್ಟೋ ವರ್ಷಗಳ ಮೇಲೆ ಬಾಯ್ತುಂಬ ನಕ್ಕು, ಮಗಳ ಎದುರಿಗೆ ಕೂತು, ಡಬ್ಬಿಯಿಂದ ತನಗೊಂದು ಹೋಳಿಗೆ ತೆಗೆದುಕೊಳ್ಳಲು ಕೈ ಚಾಚಿದಳು.

"ಅದಲ್ಲಮ್ಮ." ರಕ್ಷಿತಾಳ ದನಿ ತೀರಾ ಸಣ್ಣಗಾಯಿತು. "ಇದ್ರಲ್ಲಿ" ಎಂದು ತನ್ನ ಎಲೆಯನ್ನು ತೋರಿಸಿದಳು.

ನೀಲಾಂಬಿಕ ಮಗಳ ಮುಖ ನೋಡಿದಳು. ಹುಡುಗಿಯ ಕಣ್ಣು ತುಂಬಿ ಬಂದಿತ್ತು. ಅದರಲ್ಲಿ ನಾಚಿಕೆಯಿತ್ತು, ಸಂಕಟವಿತ್ತು, ಅಮ್ಮನನ್ನು ನಂಬಬೇಕೆಂಬ ಆಸೆಯೂ ಇತ್ತು, ಸುಳ್ಳಲ್ಲ. ಕೈ ಮಾತ್ರ ಎಲೆಯಿಂದ ಹಿಂದೆ ಸರಿದು ಮಡಿಲಲ್ಲಿ ಕೂತಿತ್ತು. ಶಿಕ್ಷೆ ಓದಿ ಹೇಳಿದ ದಿನವೂ ನೀಲಾಂಬಿಕಳಿಗೆ ಇಷ್ಟು ನೋವಾಗಿರಲಿಲ್ಲ.

ಅವಳು ಎಲೆಯತ್ತ ಬಾಗಿದಳು. ಮಗಳು ಮುರಿದಿಟ್ಟಿದ್ದ ತುಂಡನ್ನೇ ಬಾಯಿಗೆ ಹಾಕಿಕೊಂಡು ಅಗಿದು ನುಂಗಿದಳು. ಆಮೇಲೆ, ಯಾರೂ ಕೇಳದಿದ್ದರೂ, ಕೋಸಂಬರಿಯಲ್ಲಿ ಒಂದು ಚಿಟಿಕೆ ತಿಂದಳು. ಪಲ್ಯದ ಒಂದು ಹೋಳು, ಚಿತ್ರಾನ್ನದ ನಾಲ್ಕು ಅಗುಳು, ಬೆರಳ ತುದಿಯಲ್ಲಿ ಪಾಯಸ, ಕೊನೆಗೆ ಎಲೆಯ ತುದಿಗಿದ್ದ ಉಪ್ಪನ್ನೂ ಬಿಡಲಿಲ್ಲ. ಮಗಳಿಗೆಂದು ಇಟ್ಟ ಲೋಟ ಎತ್ತಿ ಒಂದು ಗುಟುಕು ಕುಡಿದಳು.

"ಎಲ್ಲಾ ತಿಂದೆ ಕೂಸೇ" ಎಂದಳು. "ನೀರೂ ಕುಡಿದೆ. ಈಗ ಉಣ್ಣು."